ಫೋಟೋದ ಹಿಂದಿನ ‘ಇವರು’

ಹೆಡಿಂಗ್ಲೀ, ಲೀಡ್ಸ್
9 ನವೆಂಬರ್ 2014, ಭಾನುವಾರ

ಪೂಜ್ಯ ಮಾವನವರಿಗೆ,

ಪೂಜಿತಾ ಮಾಡುವ ಶರಣು.

ಕ್ಷೇಮ ಸಮಾಚಾರವೆಲ್ಲ ನಿನ್ನೆ ಫೋನಿನಲ್ಲೇ ಆಯಿತು. ನಿಮ್ಮ ಕಣ್ಣಿನ ಇಂಜೆಕ್ಷನ್ನು, ನಿತಿನ್‌ನ ಡ್ಯೂಟಿ ಪಾಳಿ, ನಮ್ಮನೆಯ ಬಾಯ್ಲರ್ ಕೆಟ್ಟದ್ದು, ಎಲ್ಲ ಮಾತಾಡಿದೆವು. ಹೇಳಲೇಬೇಕಾದ ಒಂದನ್ನು ಮಾತ್ರ ಬಿಟ್ಟೆ. ಫೋನು ಸ್ಪೀಕರಿನಲ್ಲಿತ್ತು, ನಿತಿನ್ ಪಕ್ಕದಲ್ಲೇ ಕೂತು ಟೋಸ್ಟ್ ತಿನ್ನುತ್ತಿದ್ದ ಎನ್ನುವುದು ನೆಪ. ಧೈರ್ಯ ಸಾಲಲಿಲ್ಲ ಎನ್ನುವುದು ನಿಜ.

ಅದಕ್ಕೇ ಈ ಕಾಗದ. ದಪ್ಪ ಕಪ್ಪು ಮಾರ್ಕರ್ ಹಿಡಿದು ಒಂದೊಂದು ಅಕ್ಷರವನ್ನೂ ಬದನೆಕಾಯಿ ಗಾತ್ರಕ್ಕೆ ಬರೆಯುತ್ತಿದ್ದೇನೆ. ಹಾಳೆಗೆ ಎಂಟು ಸಾಲು ಹಿಡಿದರೆ ಹೆಚ್ಚು. ಲಕೋಟೆಯ ದಪ್ಪ ನೋಡಿ ಪೋಸ್ಟ್ ಆಫೀಸಿನವಳು ಇದು ಪಾರ್ಸೆಲ್ ಎಂದರೂ ಎನ್ನಲಿ. ಅಕ್ಷರ ದೊಡ್ಡದು ಮಾಡುವ ನಿಮ್ಮ ಯಂತ್ರದ ಕೆಳಗಿಟ್ಟು ಇದನ್ನು ನೀವೇ ಓದಬೇಕು. ಬುಧವಾರ ಬುಧವಾರ ಬಂದು ನಿಮ್ಮ ಟಪಾಲು ಓದಿ ಹೇಳುವ ದಾಕ್ಷಾಯಣಿ ಆಂಟಿಯ ಕೈಗೆ ದಯವಿಟ್ಟು ಕೊಡಬೇಡಿ. ಅವರು ಒಳ್ಳೆಯವರು, ಆದರೆ ಅವರಿಗೆ ಗೊತ್ತಾದರೆ ನಿಮ್ಮೂರು ಸೊಲಿಹಲ್‌ನ ಕನ್ನಡದವರಿಗೆಲ್ಲ ಸಂಜೆಯೊಳಗೆ ಗೊತ್ತಾದ ಹಾಗೆ.

ಅತ್ತೆಯ ಫೋಟೋಗಳ ವಿಷಯ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ತಪ್ಪು ಎಲ್ಲಿ ಶುರುವಾಯಿತೆಂದು ನನಗೂ ಕಾಣಬೇಕು.

ಅತ್ತೆ ತೀರಿಕೊಂಡ ಮರುವರ್ಷ, ಅಟ್ಟಕ್ಕೆ ಚಳಿ ತಡೆಯುವ ಹಾಸು ಹಾಕಲು ಬಂದ ಕೆಲಸದವರು ಅಲ್ಲಿರುವ ಸಾಮಾನೆಲ್ಲ ಕೆಳಗಿಳಿಸಬೇಕು ಎಂದರು. ಹಳೆಯ ಸೂಟ್‌ಕೇಸುಗಳ ಹಿಂದೆ ಐದು ಬಿಸ್ಕತ್ತಿನ ಡಬ್ಬಿ ಸಿಕ್ಕವು. ನಾಲ್ಕು ಸಾವಿರದಷ್ಟು ನೆಗೆಟಿವ್, ಇನ್ನೂರು ಮುನ್ನೂರು ಕಪ್ಪು ಬಿಳುಪು ಫೋಟೋ. ಬಸ್ ಸ್ಟಾಪು, ಮಾರ್ಕೆಟ್ಟು, ರೈಲ್ವೆ ಸ್ಟೇಷನ್ನಿನ ಮೆಟ್ಟಿಲು, ಮಳೆಯಲ್ಲಿ ಓಡುವ ಹೆಂಗಸರು. ಮನೆಯಲ್ಲಿ ಯಾರಿಗೂ ನಂಬಿಕೆಯಾಗಲಿಲ್ಲ. ಹೆಂಡತಿ ಒಂಬತ್ತು ವರ್ಷ ಇಂಗ್ಲಿಷ್ ಕ್ಲಾಸಿಗೆ ಹೋಗಿ ಕಲಿತದ್ದು ‘ಥ್ಯಾಂಕ್ಯೂ ಲವ್’ ಒಂದೇ ಎಂದು ನೀವು ಬಂದವರೆದುರು ತಮಾಷೆ ಮಾಡುತ್ತಿದ್ದಿರಲ್ಲ, ಆ ಕ್ಲಾಸು ನಡೆಯುತ್ತಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಫೋಟೋ ತೊಳೆಯುವ ಕತ್ತಲೆ ಕೋಣೆ ಇತ್ತೆಂದು ಆಮೇಲೆ ತಿಳಿಯಿತು. ಅತ್ತೆ ಇಂಗ್ಲಿಷಿನ ಮಹಡಿಗೆ ಹತ್ತಿಯೇ ಇರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಗ್ಯಾಲರಿಯಿಂದ ಹಿಲರಿ ಬಂದು ನೋಡಿ, ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಕೂತವಳು ಎರಡು ತಾಸು ಏಳಲಿಲ್ಲ. ನಲವತ್ತೇಳು ಫೋಟೋಗಳ ಹಿಂದೆ ಮಾತ್ರ ಪೆನ್ಸಿಲಿನಲ್ಲಿ ಕನ್ನಡ ಬರಹವಿತ್ತು. 1976ರಿಂದ 1979ರವರೆಗಿನವು. ಅದೇನೆಂದು ಅವಳಿಗೆ ತಿಳಿಯಬೇಕಿತ್ತು. ನಿತಿನ್‌ಗೆ ಕನ್ನಡ ಓದಲು ಬರುವುದು ಅವನ ಹೆಸರಿನವರೆಗೆ. ನೀವು, ನನ್ನ ಯಂತ್ರದ ಕೆಳಗೆ ಇಡು, ನಾನೇ ಓದುತ್ತೇನೆ ಎಂದಿರಿ. ನಿಮಗ್ಯಾಕೆ ಮಾವ ತೊಂದರೆ, ಕಣ್ಣಿಗೆ ಆಯಾಸ ಎಂದು ನಾನು ಡಬ್ಬಿಗಳನ್ನು ಲೀಡ್ಸಿಗೆ ತಂದೆ.

ನಿಮ್ಮ ಕಣ್ಣಿನ ಆಯಾಸಕ್ಕೆ ತಂದದ್ದಲ್ಲ. ಈ ದೇಶಕ್ಕೆ ಬಂದು ನಾಲ್ಕು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಮ್ಮಿನ ಸಿರಪ್ ಮಾರುತ್ತಿದ್ದೇನೆ. ನಾನು ಕನ್ನಡ ಎಂ.ಎ., ಎರಡನೇ ರ‍್ಯಾಂಕ್ ಎಂದು ಇಲ್ಲಿ ಯಾರಿಗೆ ಹೇಳಲಿ? ಮೊದಲ ಸಲ ಒಬ್ಬಳು ಬಿಳಿಯ ಹೆಂಗಸು ನನ್ನ ಕನ್ನಡ ಬೇಕು ಎಂದು ಕೇಳಿದ್ದಳು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ತಪ್ಪು ಶುರುವಾದದ್ದು ಅಲ್ಲಿ.

ಅತ್ತೆಯ ಬರಹವೆಲ್ಲ ಒಂದೆರಡು ಸಾಲಿನದು. ಬಸ್ ಸ್ಟಾಪಿನಲ್ಲಿ ಹತ್ತು ಹನ್ನೆರಡು ಜನ ನಿಂತಿರುವ ಫೋಟೋದ ಹಿಂದೆ, ‘ಇವರಿಗೆ ಚಳಿ.’ ಮಾರ್ಕೆಟ್ಟಿನ ಎದುರು ಬೆಂಚುಗಳ ಮೇಲೆ ಕೂತವರ ಹಿಂದೆ, ‘ಇವರು ಇವತ್ತೂ ಊಟ ಮಾಡಿಲ್ಲ.’ ದೊಡ್ಡ ಕಟ್ಟಡದ ಬಾಗಿಲಿನಿಂದ ಜನ ಹೊರಬರುವ ಫೋಟೋದ ಹಿಂದೆ, ‘ಕಾವೆಂಟ್ರಿ. ಇವರಿಗೆ ಈ ಕೆಲಸವೂ ಸಿಗಲಿಲ್ಲ. ಮನೆಗೆ ಬಂದು ಊರು ಹಿಡಿಸಲಿಲ್ಲ ಎಂದರು.’ ನಾನು ಇಂಗ್ಲಿಷಿನಲ್ಲಿ, ಈ ಜನರಿಗೆ ಚಳಿ, ಈ ಜನರು ಊಟ ಮಾಡಿಲ್ಲ, ಈ ಜನರಿಗೆ ಕೆಲಸ ಸಿಗಲಿಲ್ಲ ಎಂದು ಬರೆದುಕೊಟ್ಟೆ; ಮನೆಗೆ ಬಂದು ಏನೆಂದರು ಎನ್ನುವ ಸಾಲುಗಳು ಅವರವರ ಮನೆಯ ಮಾತು ಎಂದುಕೊಂಡು ಬಿಟ್ಟೆ. ಹಿಲರಿಗೆ ಕಣ್ಣೀರು ಬಂತು. ನಿರುದ್ಯೋಗದ ಆ ವರ್ಷಗಳಲ್ಲಿ, ಭಾಷೆ ಬಾರದ ಒಬ್ಬ ಸೀರೆಯ ಹೆಂಗಸು ಈ ಊರಿನ ಹಸಿದವರನ್ನೆಲ್ಲ ತನ್ನವರಂತೆ ನೋಡಿದಳು ಎಂದಳು. ಪ್ರದರ್ಶನಕ್ಕೂ, ಆಮೇಲೆ ತರಲಿರುವ ಪುಸ್ತಕಕ್ಕೂ ‘ಈ ಜನರು’ ಎಂದೇ ಹೆಸರಿಟ್ಟಳು. ಕೆಳಗೆ ಸಣ್ಣದಾಗಿ ನನ್ನ ಹೆಸರು, ಅನುವಾದಕಿ ಎಂದು.

ಒಂದು ಕಡೆ ಮಾತ್ರ ಅನುವಾದ ಸಿಕ್ಕಿಹಾಕಿಕೊಂಡಿತು. ಒದ್ದೆ ರಸ್ತೆ ದಾಟುತ್ತಿರುವ ಗುಂಪಿನ ಹಿಂದೆ ಅತ್ತೆ ಬರೆದಿದ್ದರು, ‘ಇವರ ಬಲಗಾಲಿನ ಬೂಟು ಸೋರುತ್ತದೆ.’ ಅಷ್ಟೂ ಜನರ ಬಲಗಾಲಿನ ಬೂಟೇ ಸೋರುವುದು ಹೇಗೆ ಎಂದು ಒಂದು ನಿಮಿಷ ಯೋಚಿಸಿದೆ. ಒಂದೇ ನಿಮಿಷ. ಆಮೇಲೆ ‘ಈ ಜನರ ಬೂಟುಗಳು ಸೋರುತ್ತವೆ’ ಎಂದು ಬರೆದೆ. ನೀವು ಸರ್ಜರಿ ಕಲಿತವರು. ಅರ್ಥಕ್ಕೆ ಅಡ್ಡ ಬಂತೆಂದು ಒಂದು ಬಲಗಾಲನ್ನೇ ತೆಗೆದವಳನ್ನು ನೀವು ಆಪರೇಷನ್ ಥಿಯೇಟರಿನ ಹತ್ತಿರ ಬಿಡುತ್ತಿರಲಿಲ್ಲ.

ನೀವು ಇಷ್ಟರಲ್ಲಿ ಊಹಿಸಿರಬಹುದು. ಆದರೂ ನಾನೇ ಬರೆಯಬೇಕು.

ಎರಡನೇ ರ‍್ಯಾಂಕಿನವಳಿಗೆ ಇದು ಹೇಗೆ ಹೊಳೆಯಲಿಲ್ಲ ಎಂದು ಕೇಳಿದರೆ ಹೇಳುವುದು ಇಷ್ಟೇ. ನಾನು ನಿತಿನ್‌ನನ್ನು ಮದುವೆಯ ಮೊದಲ ದಿನದಿಂದ ನಿತಿನ್ ಎಂದೇ ಕರೆದವಳು, ಸಿಟ್ಟು ಬಂದರೆ ‘ಲೋ’ ಎಂದೂ ಕರೆಯುತ್ತೇನೆ. ಅತ್ತೆ ನನ್ನೆದುರು ನಿಮ್ಮ ವಿಷಯ ಬಂದಾಗ ‘ನಿಮ್ಮ ಮಾವ’ ಎನ್ನುತ್ತಿದ್ದರು, ನಿತಿನ್‌ಗೆ ‘ನಿಮ್ಮ ಡ್ಯಾಡಿ’ ಎನ್ನುತ್ತಿದ್ದರು. ನಿಮ್ಮ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ ಎನ್ನುವುದನ್ನು ನಾನು ಗಮನಿಸಿರಲಿಲ್ಲ. ತಮ್ಮಷ್ಟಕ್ಕೆ ತಾವು ಬರೆದುಕೊಳ್ಳುವಾಗ ಅವರು ನಿಮ್ಮನ್ನು ಏನೆನ್ನುತ್ತಿದ್ದರು ಎಂದು ಯೋಚಿಸಿಯೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತುಮಕೂರಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಊಟ ಆಯಿತೇನಮ್ಮ ಎಂದು ಕೇಳಿದೆ. ನಮ್ಮಮ್ಮ ಶಾರದಮ್ಮನವರನ್ನು ನೀವು ಬಲ್ಲಿರಿ, ಅಪ್ಪ ಉಣ್ಣದೆ ತಟ್ಟೆಗೆ ಕೈ ಹಾಕುವವರಲ್ಲ. ಅಮ್ಮ ಹೇಳಿದರು:

“ಇಲ್ಲ ಕಣೆ, ಇವರು ಇನ್ನೂ ಊಟ ಮಾಡಿಲ್ಲ.”

ಅಮ್ಮ ಲೈನು ಹೋಯಿತೇನೋ ಎಂದು ಹಲೋ ಹಲೋ ಎನ್ನುತ್ತಿದ್ದರು.

ಆಗ ಮೇಲೆ ಹೋಗಿ ನಲವತ್ತೇಳು ಫೋಟೋಗಳನ್ನೂ ಹಾಸಿಗೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕೂತೆ. ಬಸ್ ಸ್ಟಾಪಿನ ಸಾಲಿನ ಕೊನೆಯಲ್ಲಿ ಕಾಲರ್ ಎತ್ತಿ ನಿಂತ ತೆಳ್ಳನೆಯ ಗಂಡಸು, ಕುತ್ತಿಗೆಗೆ ಪಟ್ಟೆ ಮಫ್ಲರ್. ಬೆಂಚಿನ ತುದಿಯಲ್ಲಿ ಅದೇ ಮಫ್ಲರ್. ಕಾವೆಂಟ್ರಿಯ ಬಾಗಿಲಿನಲ್ಲಿ ಎಲ್ಲರಿಗಿಂತ ಹಿಂದೆ, ಕೈಯಲ್ಲೊಂದು ಫೈಲು ಹಿಡಿದು ಅದೇ ಮನುಷ್ಯ. ಮುಖ ಸ್ಪಷ್ಟವಿಲ್ಲ. ಆದರೆ ಎಡ ಭುಜ ಇಳಿಸಿ ನಡೆಯುವ ಆ ನಡಿಗೆಯನ್ನು ನಾನು ದಿನಾ ನಮ್ಮ ಹಜಾರದಲ್ಲಿ ನೋಡುತ್ತೇನೆ. ನಿತಿನ್‌ಗೆ ಅದು ನಿಮ್ಮಿಂದ ಬಂದದ್ದು. ನಲವತ್ತೇಳರಲ್ಲೂ ನೀವಿದ್ದೀರಿ, ಮಾವ. ಒಂದರಲ್ಲೂ ತಪ್ಪಿಲ್ಲ. ಬರಹ ಇರುವುದು ನೀವಿರುವ ಫೋಟೋಗಳ ಹಿಂದೆ ಮಾತ್ರ. ಉಳಿದ ಊರಿಗೆಲ್ಲ ಅತ್ತೆ ಒಂದಕ್ಷರ ಬರೆದಿಲ್ಲ.

ಇನ್ನೊಂದೂ ತಿಳಿಯಿತು. ಎಡಿನ್‌ಬರೋದಲ್ಲಿ ಎಫ್.ಆರ್.ಸಿ.ಎಸ್. ಮುಗಿಸಿ ಬಂದ ಮೇಲೆ ನಿಮಗೆ ಸರ್ಜರಿ ಬೇಡವೆನಿಸಿತು, ಜನರ ನಡುವೆ ಇರಬೇಕೆಂದು ಬಡಾವಣೆಯ ಜಿ.ಪಿ. ಡಾಕ್ಟರಾದಿರಿ ಎಂದು ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಕಾವೆಂಟ್ರಿ, ವುಲ್ವರ್‌ಹ್ಯಾಂಪ್ಟನ್, ಡರ್ಬಿ, ಸ್ಟೋಕ್. ಅತ್ತೆ ಪ್ರತಿಯೊಂದಕ್ಕೂ ತಾರೀಖು ಹಾಕಿದ್ದಾರೆ. ಸರ್ಜನ್ ಕೆಲಸಕ್ಕೆ ಹನ್ನೊಂದು ಇಂಟರ್‌ವ್ಯೂ. ನೀವು ಹೊರಟ ಮೇಲೆ ಮುಂದಿನ ಬಸ್ಸೋ ರೈಲೋ ಹಿಡಿದು ಹೋಗಿ ರಸ್ತೆಯ ಆಚೆ ನಿಂತು ಕಾದಿದ್ದಾರೆ. ನೀವು ಮನೆಗೆ ಬಂದು ಏನು ಹೇಳಿದಿರೋ ಅದನ್ನೂ ಬರೆದಿದ್ದಾರೆ. ಊರು ಹಿಡಿಸಲಿಲ್ಲ. ಕ್ವಾರ್ಟರ್ಸ್ ಚೆನ್ನಾಗಿರಲಿಲ್ಲ. ನಾನೇ ಬೇಡವೆಂದೆ. ಒಂದರ ಹಿಂದೆ ಇಷ್ಟೇ ಇದೆ: ‘ನಾನು ಹೋಗಿದ್ದು ಇವರಿಗೆ ಗೊತ್ತಾಗಬಾರದು.’ ಅದರಲ್ಲಿ ಮೊದಲೆರಡು ಪದ ಬಿಟ್ಟು, ಈ ಜನರಿಗೆ ಗೊತ್ತಾಗಬಾರದು ಎಂದು ಅನುವಾದಿಸಿದವಳೂ ನಾನೇ. ಹಿಲರಿ ಅದನ್ನು ಆಳೆತ್ತರದ ಅಕ್ಷರದಲ್ಲಿ ಗ್ಯಾಲರಿಯ ಗೋಡೆಗೆ ಹಾಕಿಸಿದಳು.

ಇದೆಲ್ಲ ನನಗೆ ಈಚೆಗೆ ತಿಳಿಯಿತು ಎಂದು ಬರೆದು ಮುಗಿಸಬೇಕೆಂದು ಕೂತಿದ್ದೆ. ಹಾಗೆ ಬರೆದ ಹಾಳೆಗಳು ಈಗ ಅಡುಗೆಮನೆಯ ಬುಟ್ಟಿಯಲ್ಲಿವೆ. ಅಮ್ಮನಿಗೆ ಫೋನು ಮಾಡಿದ ಆ ಭಾನುವಾರ ಆಗಸ್ಟ್ ಕೊನೆಯದು. ಪ್ರದರ್ಶನ ಶುರುವಾದದ್ದು ಸೆಪ್ಟೆಂಬರ್ ಇಪ್ಪತ್ತಕ್ಕೆ. ಮೂರು ವಾರ ನನಗೆ ಗೊತ್ತಿತ್ತು.

ಆ ದಿನ ನೀವು ಬೂದು ಸೂಟು ಹಾಕಿಕೊಂಡು ಬಂದಿರಿ. ನನ್ನ ತೋಳು ಹಿಡಿದು ಒಂದೊಂದು ಫೋಟೋದ ಮುಂದೆಯೂ ನಿಂತಿರಿ. ಇದರಲ್ಲೇನಿದೆ ಎಂದು ಕೇಳುತ್ತಿದ್ದಿರಿ, ನಾನು ಹೇಳುತ್ತಿದ್ದೆ. ಬಸ್ಸಿಗೆ ಕಾಯುವವರು ಮಾವ. ಬೆಂಚಿನ ಮೇಲೆ ಕೂತವರು ಮಾವ. ನೀವು ನಿಮ್ಮ ಮುಂದೆಯೇ ನಿಂತಿದ್ದಿರಿ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಫೋಟೋ ಇರಬೇಕು, ನೀವು ದನಿ ತಗ್ಗಿಸಿದಿರಿ.

“ನಾನು ಯಾವುದ್ರಲ್ಲೂ ಇಲ್ವೇನಮ್ಮ? ಸರಿಯಾಗಿ ನೋಡು.”

“ಇಲ್ಲ ಮಾವ,” ಎಂದೆ.

“ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ,” ಎಂದು, ಕಾರಿಗೆ ಹೋಗೋಣ ಎಂದಿರಿ. ಇನ್ನೂ ಅರ್ಧಕ್ಕಿಂತ ಹೆಚ್ಚು ಫೋಟೋ ಬಾಕಿ ಇದ್ದವು.

ಯಾಕೆ ಹಾಗೆ ಹೇಳಿದೆ ಎಂದು ಎರಡು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅತ್ತೆ ಮುಚ್ಚಿಟ್ಟದ್ದನ್ನು ನಾನು ಬಿಚ್ಚಬಾರದು, ಹನ್ನೊಂದು ಸೋಲು ಹೆಂಡತಿಗೆ ಗೊತ್ತಿತ್ತೆಂದು ಈ ವಯಸ್ಸಿನಲ್ಲಿ ನಿಮಗೆ ತಿಳಿದರೆ ನೋವಾಗುತ್ತದೆ, ಹೀಗೆಲ್ಲ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ನೀವೂ ಅಲ್ಲ, ಅತ್ತೆಯೂ ಅಲ್ಲ. ತಲೆಯ ಮೇಲೆ ‘ಈ ಜನರು’ ಎಂಬ ಬ್ಯಾನರ್ ನೇತಾಡುತ್ತಿತ್ತು. ಹಿಲರಿ ಎರಡು ಹೆಜ್ಜೆ ದೂರದಲ್ಲಿ ರೇಡಿಯೋದವರಿಗೆ ನನ್ನನ್ನು ಪರಿಚಯಿಸಲು ಕಾಯುತ್ತಿದ್ದಳು. ನಾನು ಹೊಸ ಸೀರೆ ಉಟ್ಟಿದ್ದೆ. ಒಂದು ಪದ ತಿಳಿಯದ ಪೆದ್ದಿ ಎನಿಸಿಕೊಳ್ಳುವ ಭಯಕ್ಕೆ ನಿಮ್ಮನ್ನು ಹಾಗೆ ಕಳಿಸಿದೆ.

ಅದರ ಫಲವನ್ನು ಕಣ್ಣಾರೆ ನೋಡುತ್ತಿದ್ದೇನೆ. ದೀಪಾವಳಿಗೆ ಬಂದಾಗ ಅತ್ತೆಯ ಸೀರೆಗಳೆಲ್ಲ ಚ್ಯಾರಿಟಿ ಅಂಗಡಿಗೆ ಹೋಗಿದ್ದವು. ಮೂರು ವರ್ಷ ಮುಟ್ಟಲು ಬಿಡದವರು ಒಂದೇ ಮಧ್ಯಾಹ್ನದಲ್ಲಿ ಕಟ್ಟಿ ಕಳಿಸಿದಿರಿ. ಪ್ರದರ್ಶನ ಲೀಡ್ಸಿಗೆ ಬರುವ ಸುದ್ದಿ ಹೇಳಿದರೆ ಒಳ್ಳೆಯದು ಎಂದು ಟಿವಿ ಹಾಕಿದಿರಿ. ಅವಳಿಗೆ ಊರೆಲ್ಲ ಕಂಡಿತು, ಮನೆಯಲ್ಲಿದ್ದವನು ಕಾಣಲಿಲ್ಲ ಎಂದು ನೀವು ನಿತಿನ್‌ಗೆ ಹೇಳಿದಿರಂತೆ. ಅವನು ಅದನ್ನು ನನಗೆ ಹೇಳಿ, ಪಾಪ ಡ್ಯಾಡ್ ಎಂದ. ನಾನು ಪಾತ್ರೆ ತೊಳೆಯುತ್ತಾ ನಿಂತೆ. ಗಂಡನಿಗೂ ಹೇಳಲಿಲ್ಲ.

ನಿನ್ನೆ ಫೋನಿನಲ್ಲಿ ನೀವು, ಬಲಗಣ್ಣಿಗೆ ಇನ್ನು ಇಂಜೆಕ್ಷನ್ ಹಾಕಿ ಪ್ರಯೋಜನವಿಲ್ಲ ಎಂದರು, ಎಡಗಣ್ಣೂ ಚಳಿಗಾಲ ಕಳೆಯುವವರೆಗೆ ಇದ್ದರೆ ಹೆಚ್ಚು ಎಂದು, ಬೇರೆ ಯಾರದೋ ರಿಪೋರ್ಟ್ ಓದಿದ ಹಾಗೆ ಹೇಳಿದಿರಿ. ಆಮೇಲೆ ನನಗೆ ಕೂರಲಾಗಲಿಲ್ಲ. ನಿಮ್ಮ ಕಣ್ಣಿರುವಾಗ ನೀವು ಇವನ್ನು ನೋಡದೆ ಹೋದರೆ ಅದು ನನ್ನ ಕೈಯಿಂದ ಆದದ್ದು. ಅಂಥದ್ದನ್ನು ಹೊತ್ತುಕೊಂಡು ಬದುಕುವ ಶಕ್ತಿ ನನಗಿಲ್ಲ.

ಈ ಕಾಗದದ ಜೊತೆ ಹನ್ನೆರಡು ಫೋಟೋ ಇಟ್ಟಿದ್ದೇನೆ. ಗ್ಯಾಲರಿಯವರು ದೊಡ್ಡದು ಮಾಡಿಸಿದವಲ್ಲ, ಅತ್ತೆ ತಮ್ಮ ಕೈಯಿಂದ ತೊಳೆದವು. ಯಂತ್ರದ ಕೆಳಗೆ ಮೊದಲು ಹಿಂಬದಿ ಇಟ್ಟು ಓದಿ, ಆಮೇಲೆ ತಿರುಗಿಸಿ. ನೀವು ಎಲ್ಲಿದ್ದೀರಿ ಎಂದು ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಹೆಚ್ಚಿನವುಗಳಲ್ಲಿ ಅಂಚಿನಲ್ಲಿದ್ದೀರಿ. ಈಗ ಕಣ್ಣಿನ ನಡುವೆ ಏನೂ ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಕಾಣುತ್ತದೆ ಎಂದಿದ್ದಿರಲ್ಲ, ಅಷ್ಟು ಸಾಕು. ಉಳಿದವನ್ನು ಮುಂದಿನ ಶನಿವಾರ ನಾನೇ ತರುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಹೊಸ್ತಿಲಲ್ಲಿಟ್ಟು ಹೋಗುತ್ತೇನೆ.

ಅನುವಾದ ತಪ್ಪಿದೆ, ಪುಸ್ತಕ ಅಚ್ಚಿಗೆ ಕಳಿಸಬೇಡ, ನನ್ನ ಹೆಸರು ತೆಗೆ ಎಂದು ಇಂದು ಬೆಳಿಗ್ಗೆ ಹಿಲರಿಗೆ ಬರೆದೆ. ಏನು ತಪ್ಪು ಎಂದು ಬರೆದಿಲ್ಲ. ಅದನ್ನು ಹೇಳಬೇಕೋ ಬೇಡವೋ ಎನ್ನುವುದು ನಿಮ್ಮದು. ಆ ಹನ್ನೊಂದು ಊರುಗಳ ವಿಷಯ ಯಾರಿಗೂ ತಿಳಿಯುವುದು ಬೇಡ ಎಂದರೆ, ಬರಹವಿಲ್ಲದೆ ಫೋಟೋಗಳಷ್ಟೇ ಇರಲಿ ಎನ್ನುತ್ತೇನೆ. ನಿತಿನ್‌ಗೆ ಹೇಳಬಹುದೇ ಎನ್ನುವುದನ್ನೂ ನೀವೇ ತಿಳಿಸಿ.

ಕ್ಷಮಿಸಿ ಎಂದು ಕೇಳಲು ಬಾಯಿಲ್ಲ. ಬೈಯಬೇಕೆನಿಸಿದರೆ ಫೋನು ಮಾಡಿ, ಸ್ಪೀಕರ್ ಹಾಕುವುದಿಲ್ಲ.

ನಿಮ್ಮ ಸೊಸೆ,
ಪೂಜಿತಾ

ತಾ.ಕ.: ಲಕೋಟೆ ಮುಚ್ಚುವ ಮೊದಲು ಫೋಟೋಗಳನ್ನು ಎಣಿಸಿದರೆ ಹದಿಮೂರಾದವು. ಸ್ಟೋಕ್‌ನ ಫೋಟೋವನ್ನು ಅತ್ತೆ ರಟ್ಟಿಗೆ ಅಂಟಿಸಿ ಬರಹವನ್ನು ರಟ್ಟಿನ ಹಿಂದೆ ಬರೆದಿದ್ದರು; ಅಂಚು ಬಿಟ್ಟುಕೊಂಡ ಕಡೆ, ಫೋಟೋಗೂ ರಟ್ಟಿಗೂ ನಡುವೆ ಇನ್ನೊಂದು ಇಣುಕುತ್ತಿತ್ತು. ಇಷ್ಟು ದಿನ ಅದನ್ನು ನಾನೂ ನೋಡಿಲ್ಲ, ಹಿಲರಿಯೂ ನೋಡಿಲ್ಲ. ಹಬೆ ಹಿಡಿದು ಮೆಲ್ಲಗೆ ಬಿಡಿಸಿದೆ. ಇದರಲ್ಲಿ ಗುಂಪಿಲ್ಲ. ಖಾಲಿ ಮೆಟ್ಟಿಲ ಮೇಲೆ ನೀವೊಬ್ಬರೇ ನಿಂತು ನೇರವಾಗಿ ಕ್ಯಾಮೆರಾ ಕಡೆ ನೋಡುತ್ತಿದ್ದೀರಿ. ಹಿಂದೆ ಅತ್ತೆ ಬರೆದಿದ್ದಾರೆ: ‘1979 ಫೆಬ್ರವರಿ 6. ಇವರು ನೋಡಿಬಿಟ್ಟರು. ಮಫ್ಲರ್ ಸರಿಮಾಡಿಕೊಂಡು, ನಾನು ತೆಗೆಯುವವರೆಗೆ ಅಲ್ಲೇ ನಿಂತರು. ಮನೆಗೆ ಬಂದು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.’ ಗ್ಯಾಲರಿಯಲ್ಲಿ ನೀವು ಯಾಕೆ ಸರಿಯಾಗಿ ನೋಡು ಎಂದಿರೆಂದು ಈಗ ತಿಳಿಯಿತು. ಮೂವತ್ತು ವರ್ಷಕ್ಕೂ ಹೆಚ್ಚು ನೀವಿಬ್ಬರೂ ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು ನಾನು ಎರಡು ಪದದಲ್ಲಿ ಇಲ್ಲವೆಂದುಬಿಟ್ಟೆ. ನೀವು ತಪ್ಪು ತಿಳಿದುಕೊಂಡಿರಲಿಲ್ಲ, ಮಾವ.